ಎತ್ತಲಾಗದ ಬಲಗೈಯ ಪ್ರಮಾಣ

ಛಾವಣಿ ಸುಣ್ಣಬಣ್ಣ ಇಲಾಖೆಯಲ್ಲಿ ನೌಕರರ ಭುಜ ನೋಯುವುದಕ್ಕೆ ಯಾವ ನಿರ್ಬಂಧವೂ ಇಲ್ಲ. ನೋಯುತ್ತಿದೆ ಎಂಬುದಕ್ಕೆ ಇಲಾಖೆಯ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಇರಬೇಕು, ಅಷ್ಟೇ.

ಇಪ್ಪತ್ತೆರಡು ವರ್ಷ ಕತ್ತೆತ್ತಿ ಬಣ್ಣ ಬಳಿದ ಪೇಂಟರನ ಬಲಭುಜ ಆ ವರ್ಷ ಕೈಕೊಟ್ಟಿತು. ತಲೆ ಬಾಚುವುದಕ್ಕೂ ಹೆಂಡತಿಯೇ ಬೇಕು. ಉಗ್ರಾಣದಲ್ಲಿ ಕೂತು ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸವೊಂದು ಖಾಲಿ ಇತ್ತು. ಅದು ಸಿಕ್ಕರೆ ಬದುಕಿದೆ, ಇಲ್ಲದಿದ್ದರೆ ಮತ್ತೆ ಏಣಿಯೇ ಗತಿ ಎಂದುಕೊಂಡು ಅವನು ಮಂಡಳಿಯ ಭುಜಪರೀಕ್ಷೆಗೆ ಹೋದ.

ಡಾಕ್ಟರು ಒಳ್ಳೆಯವರು. ಅವನ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ನಿಧಾನವಾಗಿ ಇಳಿಸು ಎಂದು ಬಿಟ್ಟರು. ಕೈ ದೊಪ್ಪನೆ ಬಿತ್ತು. ಭುಜದ ತುದಿಯನ್ನು ಒತ್ತಿದಾಗ ಪೇಂಟರನಿಗೆ ಹಾಡಹಗಲೇ ನಕ್ಷತ್ರ ಕಂಡವು. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ನಾರು ಹರಿದಿದೆ ಎಂದು ಡಾಕ್ಟರು ಬರೆದರು. ಪೇಂಟರನಿಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಆಗ ಮಂಡಳಿಯ ಗುಮಾಸ್ತ ಏಳನೆಯ ನಿಯಮ ತೆಗೆದ. "ಬಲಗೈ ಮೇಲೆತ್ತಿ, ನನ್ನ ಬಲಗೈ ಮೇಲೆತ್ತೋಕಾಗಲ್ಲ ಅಂತ ಪ್ರಮಾಣ ಮಾಡಿ."

"ಎತ್ತೋಕಾಗಲ್ಲ ಅಂತಲೇ ಸ್ವಾಮಿ ಬಂದಿರೋದು."

"ಪ್ರಮಾಣ ಮಾಡದೆ ಹೇಳಿದ್ದು ಕಡತಕ್ಕೆ ಹೋಗಲ್ಲ."

ಎಡಗೈ ಎತ್ತುತ್ತೇನೆ ಎಂದರೆ, ಎಡಗೈಗೆ ದೂರೇ ಇಲ್ಲವಲ್ಲ ಎಂಬ ಉತ್ತರ ಬಂತು. ಬಾಗಿಲಲ್ಲಿ ಕಾದು ಕಾದು ತಾಳ್ಮೆಗೆಟ್ಟ ಹೆಂಡತಿ ಒಳಗೆ ನುಗ್ಗಿ ಗಂಡನ ಮೊಣಕೈ ಹಿಡಿದು ಮೇಲೆತ್ತಿದಳು. ಅವನು ಹಲ್ಲು ಕಚ್ಚಿಕೊಂಡು ಪ್ರಮಾಣ ಮಾಡಿದ. ಗುಮಾಸ್ತ ಕಂಡದ್ದನ್ನು ಕಂಡಂತೆ ಬರೆದ. ವಾರದಲ್ಲೇ ಆದೇಶ ಬಂತು:

"ಸದರಿ ನೌಕರನ ಬಲಗೈಯು ಪತ್ನಿಯ ಸಹಾಯದಿಂದ ಸಂಪೂರ್ಣ ಮೇಲೇಳುವುದು ದೃಢಪಟ್ಟಿರುತ್ತದೆ. ಆದ್ದರಿಂದ ಕರ್ತವ್ಯದ ವೇಳೆ ಸದರಿ ಪತ್ನಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ಪತ್ನಿಯು ಉಪಕರಣವಾದ್ದರಿಂದ ಸಂಬಳದ ಪ್ರಶ್ನೆ ಉದ್ಭವಿಸುವುದಿಲ್ಲ."

ದಾಸ್ತಾನು ಪುಸ್ತಕದಲ್ಲಿ ಏಣಿಗೂ ಕುಂಚಕ್ಕೂ ನಡುವೆ ಅವಳ ಹೆಸರು ಸೇರಿತು. ಅದನ್ನು ಓದಿದ ದಿನ ಪೇಂಟರನಿಗೆ ನಾಚಿಕೆಯಿಂದ ಅಳುವೇ ಬಂತು. ಅವಳು ಮಾತ್ರ ಸೆರಗು ಬಿಗಿದು ಏಣಿ ಹತ್ತಿದಳು.

ಎಂಟು ತಿಂಗಳು ಗಂಡನ ಕೈ ಎತ್ತಿ ಹಿಡಿದು ಅವಳ ಭುಜದ ನಾರೂ ಹರಿಯಿತು. ಈ ಸಲ ಅವನೇ ಅವಳನ್ನು ಕರೆದುಕೊಂಡು ಮಂಡಳಿಗೆ ಹೋದ. ಗುಮಾಸ್ತ ದಾಸ್ತಾನು ಪುಸ್ತಕ ನೋಡಿ, ಉಪಕರಣಗಳಿಗೆ ಭುಜಪರೀಕ್ಷೆ ಇಲ್ಲವೆಂದು ವಿಷಾದಿಸಿದ. ಕೆಟ್ಟರೆ ರಿಪೇರಿ, ಇಲ್ಲವೇ ಆಸರೆಗೆ ಇನ್ನೊಂದು ಉಪಕರಣ.

"ಮನೇಲಿ ಇನ್ನು ಯಾರಿದಾರೆ?" ಎಂದು ಕೇಳಿದ.

"ಅತ್ತೆ ಇದಾರೆ," ಎಂದ ಪೇಂಟರ್.

"ಭುಜ ಹೇಗಿದೆ?"

"ಗಟ್ಟಿಯಾಗಿದೆ," ಎಂದು ಬಾಯಿ ತಪ್ಪಿ ಹೇಳಿದ.

ಈಗ ಅವನ ಮೊಣಕೈಯನ್ನು ಹೆಂಡತಿ, ಹೆಂಡತಿಯ ಮೊಣಕೈಯನ್ನು ಅತ್ತೆ ಹಿಡಿದಿರುತ್ತಾರೆ. ಮೂವರಿಗೆ ಏಣಿ ಇಕ್ಕಟ್ಟಾಗುತ್ತದೆಂದು ಅರ್ಜಿ ಕೊಟ್ಟಾಗ ಇಲಾಖೆ ತಡಮಾಡಲಿಲ್ಲ. ನಾಲ್ಕು ಜನ ನಿಲ್ಲುವಷ್ಟು ಅಗಲದ ಏಣಿ ಮಂಜೂರು ಮಾಡಿತು. ಪೇಂಟರ್ ಎಡಗೈಯಲ್ಲಿ ಸಹಿ ಹಾಕಿ ಅದನ್ನು ಪಡೆದುಕೊಂಡ.