ವೆಲ್ಮಾಳಿಗೆ ತಾವು ದಯಪಾಲಿಸಿದ ಬೆರಳು

ದುಡಿಯುವ ಕೈಗಳ ಗೌರವಾರ್ಥ ಅಂಚೆಚೀಟಿಯನ್ನು ರಚಿಸಿದ ಕಲಾವಿದರ ಸನ್ನಿಧಾನಕ್ಕೆ, ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಮೂವತ್ತೊಂದು ವರ್ಷ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬಿದ ಆರ್ಡಿಸ್ ಬೀಲ್ ಮಾಡುವ ನಮಸ್ಕಾರಗಳು.

ಮಾನ್ಯರೇ, ತಾವು ನಮ್ಮ ಕಾರ್ಖಾನೆಗೆ ಕ್ಯಾಮೆರಾ ಹೊತ್ತು ಬಂದ ದಿನ, ಮುತ್ತಿನ ಸರ ಹಾಕಿಕೊಂಡು, ಗೆಳತಿ ವೆಲ್ಮಾಳನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿ ನಿಂತಿದ್ದ ಹೆಂಗಸು ನಾನೇ. ‘ಇನ್ನು ದೇಶವೆಲ್ಲ ನನ್ನ ಬೆನ್ನಿಗೆ ಎಂಜಲು ಹಚ್ಚಲಿದೆ’ ಎಂದು ಚರ್ಚಿನ ಊಟದಲ್ಲಿ ಸಾರಿದವಳೂ ನಾನೇ. ಹಾಗಿದ್ದೂ ತಾವು ನನ್ನ ಮುಖವನ್ನು ಬಿಟ್ಟು, ಮೀನು ಜೋಡಿಸುವ ವೆಲ್ಮಾಳ ಕೈಗಳನ್ನಷ್ಟೇ ಆರಿಸಿಕೊಂಡದ್ದು ತಮ್ಮ ಸದಭಿರುಚಿಗೆ ಸಾಕ್ಷಿ. ನಾನು ಎರಡು ದಿನ ಊಟ ಬಿಟ್ಟದ್ದು ಬೇರೆ ವಿಷಯ.

ನನ್ನ ದೂರು ಬೆರಳಿನದು. ಚೀಟಿ ಬಿಡುಗಡೆಯಾದಾಗ ವೆಲ್ಮಾ ಭೂತಗನ್ನಡಿ ಹಿಡಿದು ಬೆರಳು ಎಣಿಸಿದಳು. “ಹತ್ತೂ ಇವೆಯಲ್ಲೇ ಆರ್ಡಿಸ್! ಇದ್ಯಾರ್ದೇ ಈ ಬೆರಳು?” ಎಂದು ನಕ್ಕಳು. ಅವಳ ಬಲಗೈ ತೋರುಬೆರಳನ್ನು ಮುಚ್ಚಳ ಒತ್ತುವ ಯಂತ್ರ ಕತ್ತರಿಸಿ ಇಪ್ಪತ್ತಾರು ವರ್ಷವಾಯಿತು. ಚಿತ್ರ ಅಂದವಾಗಿರಲೆಂದು ತಾವು ಅದನ್ನು ಮರಳಿಸಿದ್ದೀರಿ. ಊರೆಲ್ಲ ನಕ್ಕಿತು; ನನಗೊಬ್ಬಳಿಗೆ ನಗು ಬರಲಿಲ್ಲ.

ಏಕೆಂದರೆ ಅಂದು ಆ ಯಂತ್ರದ ಮುಂದೆ ಇರಬೇಕಾದವಳು ನಾನು. ಕಿಟಕಿ ಬಳಿಯ ಮೇಜಿನಿಂದ ಎವೆರೆಟ್ ಎಂಬಾತನ ದೋಣಿ ಕಾಣುತ್ತದೆಂದು, ತಲೆನೋವಿನ ನೆಪ ಹೇಳಿ ವೆಲ್ಮಾಳೊಡನೆ ಜಾಗ ಬದಲಿಸಿಕೊಂಡಿದ್ದೆ. ಎವೆರೆಟ್ ತಲೆಯೆತ್ತಿಯೂ ನೋಡಲಿಲ್ಲ. ತಾವು ಇಷ್ಟು ಸಲೀಸಾಗಿ ಕೊಟ್ಟ ಬೆರಳನ್ನು, ಪ್ರತಿ ಭಾನುವಾರ ಅವಳ ಮನೆಗೆ ಬ್ಲೂಬೆರಿ ಪೈ ಹೊತ್ತೊಯ್ದರೂ ನನ್ನಿಂದ ಕೊಡಲಾಗಿರಲಿಲ್ಲ.

ಚೀಟಿ ಬಿಡುಗಡೆಯಾದ ಸಂಜೆಯೇ ಅವಳ ಅಡುಗೆಮನೆಗೆ ಹೋಗಿ, ತಲೆನೋವು ಸುಳ್ಳೆಂದು ಒಪ್ಪಿಕೊಂಡೆ. ವೆಲ್ಮಾ ಮೀನಿನ ಸಾರು ಕಲಕುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತು ಕಣೇ. ನೀನು ಕಿಟಕಿಗೆ ಅಂಟ್ಕೊಂಡಿದ್ದು ಕುರುಡರಿಗೂ ಕಾಣ್ತಿತ್ತು. ನೀನೇ ಅಲ್ಲಿ ನಿಂತಿದ್ರೆ ಇಡೀ ಕೈಯೇ ಹೋಗ್ತಿತ್ತು, ಅಷ್ಟು ನಿಧಾನ ನೀನು. ತಗೋ, ಬಟ್ಟಲು ಹಿಡಿ.” ಅಳುತ್ತಲೇ ಎರಡು ಬಟ್ಟಲು ಖಾಲಿ ಮಾಡಿದೆ.

ಆದ್ದರಿಂದ ಬಿನ್ನಹ ಇಷ್ಟೇ: ಒಂದೋ ಆ ಬೆರಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ವೆಲ್ಮಾಳಿಗೆ ಕಳುಹಿಸಿಕೊಡಿ, ಇಲ್ಲವೇ ಚಿತ್ರದಿಂದ ಅಳಿಸಿ, ಅವಳ ಕೈ ಇದ್ದಂತೆಯೇ ಇರಲು ಬಿಡಿ. ಹೋದ ಬೆರಳೂ ದುಡಿದದ್ದೇ ತಾನೆ.

ತಮ್ಮ ವಿಶ್ವಾಸಿ, ಆದರೆ ಚಿತ್ರದಲ್ಲೆಲ್ಲೂ ಇಲ್ಲದ,
ಆರ್ಡಿಸ್ ಬೀಲ್

ತಾ.ಕ.: ಆ ಬೆರಳಿಗೆ ಮಾದರಿ ತಮ್ಮದೇ ಇರಬೇಕೆಂದು ವೆಲ್ಮಾ ಹೇಳುತ್ತಾಳೆ. ಉಗುರು ಬಹಳ ಶುಭ್ರವಾಗಿದೆ, ಒಂದು ಗಾಯದ ಗೆರೆಯೂ ಇಲ್ಲ.