ಉಲ್ಟಾ ತಿರುಗುವ ಮುಚ್ಚಳ

ಮನೆಯಲ್ಲಿ ಲೇತ್ ಇದ್ದರೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಮಲ್ಲೇಶ್ವರದ ನಮ್ಮ ಮನೆಯ ವರಾಂಡದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಜಾಗದಲ್ಲಿ, ನಮ್ಮವರು ಹೊಲಿಗೆ ಮಿಷನ್ನಿಗಿಂತ ಸ್ವಲ್ಪ ದೊಡ್ಡದಾದ ಲೋಹ ಕಡೆಯುವ ಲೇತೊಂದನ್ನು ತಂದಿಟ್ಟಿದ್ದರು. ರಿಟೈರ್ ಆದಮೇಲಿನ ಹುಚ್ಚು. ಈಗ ಅವರಿಲ್ಲ. ನಗು ಬಂದಾಗಲೆಲ್ಲ ಅಳುವೂ ಜೊತೆಗೇ ಬರುತ್ತದೆ, ಏನು ಮಾಡಲಿ.

ಅಕ್ಷತೆ

ಸ್ಕ್ರೂವಿನ ಥ್ರೆಡ್, ಅಂದರೆ ಮೈಸುತ್ತ ಇರುವ ಸುರುಳಿ ಗೀರು, ಒಂದೇ ಸಲಕ್ಕೆ ಕೊರೆಯುವಂಥದ್ದಲ್ಲ. ಅದೇ ಗೀರಿನಲ್ಲಿ ಉಳಿಯನ್ನು ಮತ್ತೆ ಮತ್ತೆ ಓಡಿಸಬೇಕು. ಗೀರು ತಪ್ಪಿತೋ, ಮಾಡಿದ್ದೆಲ್ಲ ನೀರುಪಾಲು. ಆ ಹೊತ್ತಿನಲ್ಲಿ ಯಾರು ಬಂದರೂ ನಮ್ಮವರು ತಲೆ ಎತ್ತುತ್ತಿರಲಿಲ್ಲ.

ಎದುರುಮನೆಯವರು ಮಗಳ ಮದುವೆಗೆ ಕರೆಯಲು ಬಂದರು. ಇವರ ಎರಡು ಕೈಯೂ ಎಣ್ಣೆ. "ಥ್ರೆಡ್ಡಲ್ಲಿದೀನಿ, ಅಕ್ಷತೆ ತಲೆ ಮೇಲೇ ಹಾಕ್ಬಿಡಿ" ಎಂದು ಬಗ್ಗಿದರು. ಆತ ಹಾಕಿದರು. ಉಳಿದ ನಾಲ್ಕು ಕಾಳನ್ನು ಲೇತಿನ ಮೇಲೂ ಹಾಕಿ, "ಮನೆಮಂದಿಯೆಲ್ಲಾ ಬನ್ನಿ" ಅಂದರು.

ಡಬ್ಬಿ

ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಹಿತ್ತಾಳೆಯಲ್ಲಿ ಕಾಫಿಪುಡಿ ಡಬ್ಬಿ ಮಾಡಿಕೊಟ್ಟರು. ಥಳಥಳ ಹೊಳೆಯುತ್ತಿತ್ತು. ಮುಚ್ಚಳ ತೆಗೆಯಲು ಹೋದೆ, ಬರಲೇ ಇಲ್ಲ. ಅವರೂ ತಿರುಪಿದರು, ಬರಲಿಲ್ಲ. ಆಮೇಲೆ ಮುಖ ಸಣ್ಣದು ಮಾಡಿಕೊಂಡರು. ಲೇತಿಗೆ ಒಂದು ಗೇರು ಹೆಚ್ಚಿಗೆ ಸಿಕ್ಕಿಸಿದ್ದರಂತೆ, ಥ್ರೆಡ್ ಪೂರಾ ಉಲ್ಟಾ. ಡಬ್ಬಿಗೂ ಮುಚ್ಚಳಕ್ಕೂ ಅದೇ ತಪ್ಪಾದ್ದರಿಂದ ಜೋಡಿ ಮಾತ್ರ ಸೊಗಸಾಗಿ ಕೂತಿತ್ತು. ಬೇರೆ ಡಬ್ಬಿಗಳನ್ನು ಬಿಗಿ ಮಾಡುವ ಕಡೆಗೆ ತಿರುಪಿದರೆ ಬಿಚ್ಚಿಕೊಳ್ಳುತ್ತಿತ್ತು.

"ಕೊಡು, ಬೇರೆ ಮಾಡ್ತೀನಿ."

"ಬೇಡ. ಕಳ್ಳರಿಗೆ ತೆಗೆಯೋಕಾಗಲ್ಲ, ಒಳ್ಳೇದೇ ಆಯ್ತು."

"ಕಾಫಿಪುಡಿ ಕದಿಯೋ ಕಳ್ಳ ಎಲ್ಲಿದಾನೆ?"

ಡಾಕ್ಟರು ಕಾಫಿ ಕಮ್ಮಿ ಮಾಡಿ ಎಂದ ಮೇಲೂ ಕದ್ದು ಕುಡಿಯುತ್ತಿದ್ದವರು ಕೇಳಿದ ಪ್ರಶ್ನೆ ಇದು!

ತಿಥಿ

ಅವರ ತಿಥಿಯ ದಿನ ನಾನು ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಯಾರ ಮುಖವೂ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ನೆಂಟರಿಗೆ ಕಾಫಿ ಮಾಡಲು ಹೊರಟಿದ್ದರು. ಆ ಹಿತ್ತಾಳೆ ಡಬ್ಬಿ ತೆಗೆಯಲು ನಾದಿನಿಗೆ ಆಗಲಿಲ್ಲವಂತೆ. ಅವಳ ಗಂಡ ಬಟ್ಟೆ ಹಿಡಿದು ತಿರುಪಿದರು. ಜಿಮ್ಮಿಗೆ ಹೋಗುವ ಸೋದರಳಿಯ ಉಸಿರು ಕಟ್ಟಿ ತಿರುಪಿದ. ನಮ್ಮಣ್ಣ ತೊಡೆಸಂದಿಯಲ್ಲಿ ಇಟ್ಟುಕೊಂಡು ತಿರುಪಿದ. ಎಲ್ಲರೂ ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು.

ಕೊನೆಗೆ ಅಣ್ಣನ ದನಿ ಕೇಳಿಸಿತು. "ವರಾಂಡದಲ್ಲಿ ಸುತ್ತಿಗೆ ಇರುತ್ತಲ್ಲ, ತಗೊಂಡ್ಬಾ. ಡಬ್ಬಿ ಒಡೆದ್ಬಿಡೋಣ."

ನಮ್ಮವರು ಕೈಯಾರೆ ಮಾಡಿದ್ದು, ಒಳಗಿನ ಪುಡಿ ಅವರೇ ತಂದು ತುಂಬಿದ್ದು. ಎದ್ದು ಓಡಿಹೋಗಿ ಡಬ್ಬಿ ಕಿತ್ತುಕೊಂಡೆ. ಸೆರಗಿನಿಂದ ಹಿಡಿದು, ಹಲ್ಲು ಕಚ್ಚಿ, ಅವರೆಲ್ಲ ತಿರುಪಿದ್ದಕ್ಕೆ ವಿರುದ್ಧ ತಿರುಪಿದೆ. ಕಟಕ್ ಎಂದು ಬಿಟ್ಟುಕೊಂಡಿತು. ಘಮ್ಮೆಂದು ವಾಸನೆ ಬಂತು. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ.

ಅಣ್ಣ ಬೆವರು ಒರೆಸಿಕೊಂಡು ಎಲ್ಲರಿಗೂ ಹೇಳಿದ: "ನಾನಾಗ್ಲೇ ಲೂಸ್ ಮಾಡಿಟ್ಟಿದ್ದೆ, ಅದಕ್ಕೇ ಬಂತು."

ಅಳುತ್ತಿದ್ದವಳು ಬಿದ್ದೂ ಬಿದ್ದೂ ನಕ್ಕೆ. ನಗುತ್ತಲೇ ವರಾಂಡದ ಕಡೆ ತಿರುಗಿ ಕೂಗಿದೆ: "ಕೇಳಿಸ್ತೇನ್ರೀ?"