ಗಿರಗಿಟ್ಲೆ, ಗೊರಕೆ ಮತ್ತು ನವೀಕರಿಸಬಹುದಾದ ಶಕ್ತಿ

‘ಆಗಸ್ಟ್ ಏಳು. ಮೇಲಿನ ಕೋಣೆಗೆ ಮೈಸೂರಿನ ಕಾಲೇಜಿನ ಹುಡುಗಿಯರಿಬ್ಬರು ಬಂದರು. ಗಲಾಟೆಯಿಲ್ಲದ ಮಕ್ಕಳು.’ ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಬಿ.ಎಸ್ಸಿ. ಮುಗಿಸಿದಾಗಿನಿಂದ ಡೈರಿ ಬರೆಯುತ್ತಿದ್ದೇನೆ. ತಪ್ಪು ಬರೆದದ್ದು ಅದೊಂದೇ ದಿನ. ನಂಜನಗೂಡಿನ ನಮ್ಮ ಮನೆಗೆ ಯಾರೇ ಬರಲಿ, ವಾರದೊಳಗೆ ಏನಾದರೊಂದು ಆಗಿಯೇ ತೀರುತ್ತದೆ.

ಬಿಸಿಲು, ಗಾಳಿಯಿಂದ ಕರೆಂಟು ತೆಗೆಯುವುದನ್ನು ಕವಲಂದೆ ಕಡೆಯ ಒಂದು ಹಳ್ಳಿಶಾಲೆಯಲ್ಲಿ ಆಟದ ಮೂಲಕ ಕಲಿಸುವುದು ಅವರ ಕೆಲಸ. ಕೊನೆಯ ದಿನ ಅವರ ಮೇಷ್ಟ್ರು ಬಂದು ನೋಡುತ್ತಾರೆ. ಊರಿನವರು ಸೇರಿ ಆಡಿದರೆ ಪಾಸು. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ.

೧. ಹಾವು

ಮೊದಲು ಹಾವು-ಏಣಿ ಮಾಡಿದರು. ಬಿಸಿಲಿನ ಮನೆಗೆ ಬಂದರೆ ಏಣಿ, ಕರೆಂಟು ಹೋದ ಮನೆಗೆ ಬಂದರೆ ಹಾವು. ಮಕ್ಕಳೆಲ್ಲ ದಾಳವನ್ನು ಕಣ್ಣಿಗೊತ್ತಿಕೊಂಡು ಹಾವನ್ನೇ ಬೇಡತೊಡಗಿದರು. ಹುಡುಗಿಯರಿಬ್ಬರಲ್ಲಿ ಉದ್ದ ಜಡೆಯವಳಿಗೆ ಅಳುವೇ ಬಂತು.

“ಹಾವು ಯಾಕ್ರೋ ಬೇಕು ನಿಮಗೆ?”

“ಕರೆಂಟ್ ಓದ್ರೆ ಓಂವರ್ಕ್ ಇರಾಕಿಲ್ಲ ಮಿಸ್!”

೨. ಗಾಳಿ

ಆಮೇಲೆ ಕಾಗದದ ಗಿರಗಿಟ್ಲೆ. ಮಧ್ಯಾಹ್ನ ಕಪಿಲೆಯ ಕಡೆಯಿಂದ ಗಾಳಿ ಬಂದೀತೆಂದು ನಮ್ಮ ಮನೆಯ ಜಗುಲಿಯಲ್ಲಿ ಕಾದೆವು. ತೆಂಗಿನ ಗರಿಯೂ ಅಲುಗಲಿಲ್ಲ. ಅಂಗಳದಲ್ಲಿ ಬಿಸಿಲು ಅರಿಶಿನದ ನೀರಿನಂತೆ ನಿಂತಿತ್ತು. ಮೈಸೂರಿನ ರೈಲು ಒಮ್ಮೆ ಕೂಗಿ, ಕನಸಿನಲ್ಲಿ ಕೇಳಿದಂತೆ ಕರಗಿಹೋಯಿತು. ನನಗೂ ಕಣ್ಣು ಎಳೆಯುತ್ತಿತ್ತು.

ಆಗ ಒಂದು ಗಿರಗಿಟ್ಲೆ ತಿರುಗಿತು. ನಿಂತಿತು. ಮತ್ತೆ ತಿರುಗಿತು. ನೋಡಿದರೆ, ಆರಾಮಕುರ್ಚಿಯಲ್ಲಿ ಮಲಗಿದ್ದ ನಮ್ಮ ಯಜಮಾನರ ಮೂಗಿನ ಹತ್ತಿರ ಇನ್ನೊಬ್ಬಳು, ಕನ್ನಡಕದವಳು, ಅದನ್ನು ಹಿಡಿದಿದ್ದಳು.

“ಆಂಟಿ, ಈ ಗೊರಕೆ ಮುಗಿದುಹೋಗೋ ಶಕ್ತಿನಾ, ಮುಗಿಯದ್ದಾ?”

“ಮದುವೆಯಾದಾಗಿನಿಂದ ಒಂದಿನಾನೂ ಮುಗಿದಿಲ್ಲ ಕಣೇ.”

೩. ಶಕ್ತಿ

ಕೊನೆಯ ದಿನದ ಬ್ಯಾನರಿಗೆ ಅವರು ‘ಸೋಲಾರ್ ಗೇಮ್ಸ್’ ಎಂದು ಬರೆಯಹೊರಟರು. ನನಗೆ ಸರಿಬರಲಿಲ್ಲ. ಹಳೆಯ ಬೆಡ್‌ಶೀಟಿನ ಮೇಲೆ ನಾನೇ ದುಂಡಗೆ ಬರೆದೆ: ‘ನವೀಕರಿಸಬಹುದಾದ ಶಕ್ತಿ. ಹೆಂಗಸರೂ ಮಕ್ಕಳೂ ಶಾಲೆಗೆ ಬನ್ನಿ.’ ಅದನ್ನು ಹಳ್ಳಿಯ ಬಸ್ ಸ್ಟಾಪಿನಲ್ಲಿ ಕಟ್ಟಿಸಿದೆ.

ಬೆಳಿಗ್ಗೆ ಯಜಮಾನರನ್ನೂ ಕರೆದುಕೊಂಡು ನಾವೆಲ್ಲ ಬಸ್ಸಿನಲ್ಲಿ ಹೋಗಿ ನೋಡಿದರೆ ಶಾಲೆಯ ಗೇಟಿನಾಚೆಯವರೆಗೂ ಹೆಂಗಸರ ಸಾಲು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. ಮುಂದಿದ್ದ ಅಜ್ಜಿ ಕೇಳಿದರು: “ಶಕ್ತಿ ನವೀಕರಣ ಇಲ್ಲೇ ಏನವ್ವಾ? ಬಿರ್ರನೆ ಮಾಡ್ಕೊಡು, ನರಸೀಪುರಕ್ಕೆ ಮಗಳ ಮನೆಗೆ ಓಗ್ಬೇಕು.”

ಹೆಂಗಸರ ಫ್ರೀ ಬಸ್ಸಿನ ಯೋಜನೆಗೂ ಅದೇ ಹೆಸರೆಂಬುದು ನನ್ನ ಬಿ.ಎಸ್ಸಿ. ತಲೆಗೆ ಹೊಳೆದೇ ಇರಲಿಲ್ಲ! ಅಷ್ಟರಲ್ಲಿ ಮೇಷ್ಟ್ರ ಬೈಕು ಒಳಗೆ ಬಂತು. ಕನ್ನಡಕದವಳು ನಿಜ ಹೇಳಿಬಿಟ್ಟಳು: “ಅಜ್ಜಿ, ಇಲ್ಲಿ ಬರೀ ಆಟ.”

ಅಜ್ಜಿ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟರು. “ಬಂದಿದ್ದಾಯ್ತು, ಆಡ್ಕಂಡೇ ಓಯ್ತೀವಿ ಬುಡವ್ವ. ಬಸ್ಸು ಬತ್ತಾನೇ ಇರ್ತವೆ. ದಾಳ ಕೊಡು.”

ಸಾಲಿಗೆ ಸಾಲೇ ಕೂತಿತು. ಮೇಷ್ಟ್ರಿಗೆ ಬೆರಗು. “ಇಷ್ಟು ಜನಾನ ಹೇಗಮ್ಮ ಸೇರಿಸಿದ್ರಿ?”

“ಎಲ್ಲ ಶಕ್ತಿಯಿಂದ ಸಾರ್,” ಎಂದಳು ಜಡೆಯವಳು. ಇಬ್ಬರೂ ಪಾಸು.

ಕೊನೆಗೆ ಆದ ಖರ್ಚು, ಡೈರಿಯಲ್ಲಿರುವಂತೆ: ಬೆಡ್‌ಶೀಟು ಒಂದು. ಹೆಂಗಸರಿಗೆ ಹಂಚಿದ ಬಾಳೆಹಣ್ಣು, ನಮ್ಮ ಹಿತ್ತಲಿನದು. ಬಸ್ಸಿಗೆ, ನಮ್ಮ ಯಜಮಾನರದೊಂದೇ ಟಿಕೆಟ್ಟು.